ಕಂಜೂಸ್ ಎನ್ನಲಿ ಬಿಡಿ: ಮುಂಬೈಯಲ್ಲಿ ಕೈ ಹಿಡಿದು ಖರ್ಚು ಮಾಡುವ ಬಗೆ

ದುಡ್ಡು ಉಳಿಸುವ ದಾರಿ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಉಳಿಸಲು ಹೊರಟ ಮೇಲೆ ಕೇಳಬೇಕಾದ ಮಾತುಗಳನ್ನು ಹೇಗೆ ತಡೆದುಕೊಳ್ಳಬೇಕು ಎಂದು ಹೇಳುವವರು ಕಡಿಮೆ. ಹೆಚ್ಚಿನವರು ಸೋಲುವುದು ಅಲ್ಲೇ. ನಾಲ್ಕು ಜನರ ಎದುರು "ಅಯ್ಯೋ, ಇವಳೊಬ್ಬಳು ಕಂಜೂಸ್" ಎಂದರೆ ಸಾಕು, ತಿನ್ನದ ಪಿಜ್ಜಾಕ್ಕೂ ಪಾಲು ಕೊಡುತ್ತೇವೆ, ಉಡದ ಸೀರೆಯನ್ನೂ ಕೊಂಡುಬಿಡುತ್ತೇವೆ.

ನಾನು ಡೊಂಬಿವಲಿ ಪೂರ್ವದಲ್ಲಿ ಇರುವವಳು. ಊರು ಕುಂದಾಪುರದ ಕಡೆ. ಮಸ್ಜಿದ್ ಬಂದರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ನಮ್ಮವರು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಇಬ್ಬರ ಸಂಬಳವೂ ದೊಡ್ಡದಲ್ಲ. ಆದರೂ ಒಂದು ಸಣ್ಣ ಫ್ಲ್ಯಾಟ್ ಇದೆ, ಅದರ ಸಾಲ ತೀರಿದೆ, ಮಗಳ ಓದಿಗೆ ಯಾರ ಮುಂದೆಯೂ ಕೈ ಒಡ್ಡಿಲ್ಲ. ಬೆನ್ನ ಹಿಂದೆ ನನ್ನನ್ನು ಜುಗ್ಗಿ ಎನ್ನುತ್ತಾರೆ. ಎದುರಿಗೇ ಅಂದವರೂ ಇದ್ದಾರೆ. ಹಾಗೆ ಅನ್ನಿಸಿಕೊಂಡೂ ನೆಮ್ಮದಿಯಾಗಿ ಉಳಿಸುವುದು ಹೇಗೆ ಎಂದು ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಭಾರ ಯಾರ ಮೇಲೆ ಬೀಳುತ್ತದೆ?

ಯಾವುದೇ ಖರ್ಚು ಕಡಿಮೆ ಮಾಡುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಇದರ ಭಾರ ಹೊರುವವರು ಯಾರು? ಸ್ಟೇಷನ್ನಿನಿಂದ ಮನೆಗೆ ರಿಕ್ಷಾ ಬಿಟ್ಟು ನಡೆದರೆ ನೋಯುವುದು ನನ್ನ ಕಾಲು. ಅದು ನನ್ನ ಇಷ್ಟ, ಯಾರೂ ಏನೂ ಹೇಳುವಂತಿಲ್ಲ. ಆದರೆ ಪಾತ್ರೆ ತೊಳೆಯುವ ಬಾಯಿಯ (ಕೆಲಸದವಳನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಸಂಬಳದಲ್ಲಿ ರಜೆ ಹಿಡಿದರೆ ನೋಯುವುದು ಅವಳ ಮನೆಗೆ. ಆ ದುಡ್ಡು ನನಗೆ ಬೇಡ.

ಹಾಗಾಗಿ ಕೆಲವು ಕಡೆ ನಾನು ಕೈ ಬಿಗಿ ಮಾಡುವುದೇ ಇಲ್ಲ. ಬಾಯಿಗೆ ಅವಳು ಕೇಳುವ ಮುಂಚೆಯೇ ವರ್ಷಕ್ಕೊಮ್ಮೆ ಸಂಬಳ ಏರಿಸುತ್ತೇನೆ. ದೀಪಾವಳಿಗೆ ಒಂದು ತಿಂಗಳ ಸಂಬಳ ಬೇರೆ. ಕೈಗಾಡಿಯ ಸೊಪ್ಪಿನವಳ ಹತ್ತಿರ ಚೌಕಾಸಿ ಇಲ್ಲ. ಎರಡು ಗಾಡಿಯಲ್ಲಿ ದರ ಕೇಳುತ್ತೇನೆ, ಕಡಿಮೆ ಇದ್ದ ಕಡೆ ಹೇಳಿದಷ್ಟು ಕೊಟ್ಟು ಬರುತ್ತೇನೆ. ಕೊತ್ತಂಬರಿ ಸುಮ್ನೆ ಹಾಕು ಎಂದು ಕೇಳುವುದಿಲ್ಲ. ಆಫೀಸಿಗೆ ಕಟಿಂಗ್ ಚಹಾ ತರಿಸುವ ದಿನ ಮೊದಲ ಸರದಿ ನನ್ನದು.

ಈ ಕೊನೆಯದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಬೇರೆಯವರ ದುಡ್ಡಿನ ಚಹಾ ಕುಡಿದು ತನ್ನ ಸರದಿ ಬಂದಾಗ ಫೋನ್ ಹಿಡಿದು ಹೊರಗೆ ಹೋಗುವವರನ್ನು ಜನ ಮರೆಯುವುದಿಲ್ಲ. ಅಲ್ಲಿ ಹೆಸರು ಕೆಟ್ಟರೆ ಆಮೇಲೆ ನೀವು ನ್ಯಾಯವಾಗಿ ಬೇಡ ಎಂದರೂ ಯಾರೂ ಗೌರವಿಸುವುದಿಲ್ಲ. ನಿಮ್ಮ ಪಾಲು ನೀವು ಕೊಟ್ಟಿದ್ದರೆ, ಅವರ ಯಾವ ಮಾತೂ ನಿಮಗೆ ಚುಚ್ಚುವುದಿಲ್ಲ.

ಸಂಬಳ ಬಂದ ದಿನ

ಉಳಿದದ್ದನ್ನು ಉಳಿಸುತ್ತೇನೆ ಎಂದರೆ ಏನೂ ಉಳಿಯುವುದಿಲ್ಲ. ಸಂಬಳ ಬಂದ ದಿನವೇ ತೆಗೆದಿಡಬೇಕು. ನಾನು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ 5ನೇ ತಾರೀಖಿನ ಒಳಗೆ ಹಾಕುತ್ತೇನೆ. ಅದಕ್ಕೆ ಕಾರಣ ಇದೆ. ಪಿಪಿಎಫ್‌ನಲ್ಲಿ ತಿಂಗಳ ಬಡ್ಡಿ ಲೆಕ್ಕ ಹಾಕುವುದು 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ. 6ಕ್ಕೆ ಹಾಕಿದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಹೋಯಿತು. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. 15 ವರ್ಷದ ಅವಧಿ. ಬೇಕೆಂದಾಗ ಕೈಗೆ ಸಿಗದ ದುಡ್ಡು ಅದು. ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ.

ಎರಡನೆಯದು, ಫೋನಿನ ಯುಪಿಐಗೆ ಸಂಬಳದ ಖಾತೆಯನ್ನು ಜೋಡಿಸಬೇಡಿ. ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಪ್ರತಿ ಸೋಮವಾರ ಒಂದು ವಾರದ ಕೈಖರ್ಚನ್ನು ಅದಕ್ಕೆ ಹಾಕಿ, ಅದನ್ನು ಮಾತ್ರ ಫೋನಿಗೆ ಜೋಡಿಸಿ. ಶುಕ್ರವಾರ ಸಂಜೆ ಅದರಲ್ಲಿ 80 ರೂಪಾಯಿ ಉಳಿದಿದ್ದರೆ, ಸ್ಟೇಷನ್ನಿನ ಹೊರಗೆ ಸ್ಯಾಂಡ್‌ವಿಚ್ ಗಾಡಿಯ ಮುಂದೆ ನಿಂತಾಗ ಕೈ ತಾನಾಗಿ ತಡೆಯುತ್ತದೆ. ನೋಟು ಎಣಿಸಿ ಕೊಡುವಾಗ ಇದ್ದ ಸಂಕಟ ಸ್ಕ್ಯಾನ್ ಮಾಡುವಾಗ ಇರುವುದಿಲ್ಲ, ಅಲ್ವಾ? ಆ ಸಂಕಟವನ್ನು ವಾಪಸ್ ತರಬೇಕು.

ಇಲ್ಲಿರುವ ನಮ್ಮ ಊರ ಕಡೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಗಲ್ಲಿಗೊಂದು ಪತಪೇಢಿ, ಅಂದರೆ ಪತ್ತಿನ ಸಹಕಾರಿ ಸಂಘ, ಇರುವ ಊರು ಇದು. ಒಂದೂವರೆ, ಎರಡು ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡುತ್ತಾರೆ ಎಂದು ಹೋಟೆಲ್ ಹುಡುಗರು ವರ್ಷಗಳ ದುಡಿಮೆಯನ್ನು ಅಲ್ಲಿ ಇಡುತ್ತಾರೆ. ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು ಬರೀ 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ, ಆದರೆ ಪತಪೇಢಿಗಳಿಗೆ ಇಲ್ಲ. ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಊರಿಗೆ ಮನಿಯಾರ್ಡರ್ ಕಳಿಸಿ ಸಂಸಾರ ಎತ್ತಿದವರು ನನ್ನ ಅಪ್ಪ. ಅಂಥ ದುಡ್ಡು ಎರಡು ಪರ್ಸೆಂಟಿನ ಆಸೆಗೆ ಹೋಗಬಾರದು.

ಕ್ರೆಡಿಟ್ ಕಾರ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೂರ್ತಿ ಬಿಲ್ಲು ಕಟ್ಟುವ ಶಿಸ್ತು ಇದ್ದರೆ ಇಟ್ಟುಕೊಳ್ಳಿ. 'ಮಿನಿಮಮ್ ಡ್ಯೂ' ಕಟ್ಟುತ್ತಾ ಹೋಗುವವರಾದರೆ ಇವತ್ತೇ ಮುಚ್ಚಿ. ಬಹಳಷ್ಟು ಕಾರ್ಡುಗಳಲ್ಲಿ ತಿಂಗಳಿಗೆ ಮೂರು ಪರ್ಸೆಂಟಿನ ಮೇಲೆ ಬಡ್ಡಿ, ಅಂದರೆ ವರ್ಷಕ್ಕೆ 36ಕ್ಕಿಂತ ಹೆಚ್ಚು. ಊರಿನ ಬಡ್ಡಿ ವ್ಯಾಪಾರಿಯ ಲೆಕ್ಕವೂ ಹೀಗೇ ಇರುತ್ತಿತ್ತು.

ಪಾಸು ಮತ್ತು ಊರಿನ ರೈಲು

ಲೋಕಲ್ ಪಾಸನ್ನು ತಿಂಗಳು ತಿಂಗಳು ತೆಗೆಯುವವರು ಇನ್ನೂ ಇದ್ದಾರೆ. ಮೂರು ತಿಂಗಳ ಪಾಸಿನ ದರ ತಿಂಗಳ ಪಾಸಿನ 2.7 ಪಟ್ಟು. ಆರು ತಿಂಗಳಿನದ್ದು 5.4 ಪಟ್ಟು, ವರ್ಷದ್ದು 10.8 ಪಟ್ಟು. ಗುಣಿಸಿ ನೋಡಿ. ಮೂರು ತಿಂಗಳ ಪಾಸು ನಾಲ್ಕು ಸಲ ತೆಗೆದರೂ 10.8 ಪಟ್ಟೇ. ವರ್ಷದ ಪಾಸಿನಲ್ಲಿ ಹೆಚ್ಚಿನ ಲಾಭ ಏನೂ ಇಲ್ಲ. ಕೆಲಸ ಬಿಟ್ಟರೆ, ಮನೆ ಬದಲಾದರೆ ನಷ್ಟ ಮಾತ್ರ ದೊಡ್ಡದು. ಹಾಗಾಗಿ ಮೂರು ತಿಂಗಳದ್ದೇ ಸರಿ. ಮೇ ತಿಂಗಳಲ್ಲಿ ಊರಿಗೆ ಹೋಗುವ ಮುಂಚಿನ ದಿನ ಪಾಸು ಮುಗಿಯುವಂತೆ ತಾರೀಖು ಹೊಂದಿಸಿಕೊಳ್ಳುತ್ತೇನೆ. ವಾಪಸ್ ಬಂದ ಮೇಲೆ ಹೊಸದು. ಊರಿನಲ್ಲಿ ಇದ್ದಷ್ಟು ದಿನದ ದುಡ್ಡು ಉಳಿಯುತ್ತದೆ.

ಊರಿಗೆ ಹೋಗುವುದೂ ಅಷ್ಟೇ. ರಜೆಯಲ್ಲಿ ಖಾಸಗಿ ಬಸ್ಸಿನ ದರ ಎಲ್ಲಿಗೆ ಏರುತ್ತದೆ ಎಂದು ನಿಮಗೇ ಗೊತ್ತು. ಮತ್ಸ್ಯಗಂಧ ರೈಲಿನ ಸ್ಲೀಪರ್ ಸಿಕ್ಕರೆ ಅದರ ಸಣ್ಣ ಪಾಲಿನಲ್ಲಿ ಕುಂದಾಪುರಕ್ಕೇ ಇಳಿಯಬಹುದು. 2024ರ ನವೆಂಬರಿನಿಂದ ಬುಕ್ಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಮೊದಲು 120 ದಿನ ಇತ್ತು. ಬೆಳಿಗ್ಗೆ 8ಕ್ಕೆ ಶುರು. ಕ್ಯಾಲೆಂಡರಿನಲ್ಲಿ ಮೇ ತಿಂಗಳ ದಿನಕ್ಕೆ ಅಲ್ಲ, ಮಾರ್ಚ್ ತಿಂಗಳ ದಿನಕ್ಕೆ ಗುರುತು ಹಾಕಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಮೊದಲೇ ಜೋಡಿಸಿಡಿ, ಆ ಬೆಳಿಗ್ಗೆ ಒದ್ದಾಡಬೇಡಿ.

ಅಡುಗೆಮನೆ, ಕರೆಂಟು

ಮೀನು ತಿನ್ನುವವರ ಮನೆಯಲ್ಲಿ ದುಡ್ಡು ಹೋಗುವುದು ಮೀನಿಗೇ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಪಾಪ್ಲೆಟ್ ದರ ಕೇಳುವುದೇ ಬೇಡ. ಮೇ ತಿಂಗಳಲ್ಲೇ ಒಣ ಸಿಗಡಿ, ಒಣ ಬೊಂಬಿಲ್ ತಂದು, ಇನ್ನೆರಡು ದಿನ ಬಿಸಿಲು ಕಾಯಿಸಿ, ಗಾಳಿ ಆಡದ ಡಬ್ಬಿಯಲ್ಲಿ ತುಂಬಿಡಿ. ಮಳೆಗಾಲದಲ್ಲಿ ಕುಚ್ಚಲಕ್ಕಿ ಗಂಜಿಗೆ ಒಣ ಸಿಗಡಿ ಚಟ್ನಿ ಇದ್ದರೆ ಬೇರೇನೂ ಬೇಡ. ಉಳಿದ ಕಾಲದಲ್ಲಿ ಬಂಗುಡೆ, ಬೂತಾಯಿ. ರುಚಿಯಲ್ಲಿ ಇವು ಯಾವುದಕ್ಕೂ ಕಡಿಮೆಯಿಲ್ಲ. ನೆಂಟರು ಬಂದಾಗ ಅಂಜಲ್ ಮಾಡಲೇಬೇಕು ಎಂದು ಯಾರು ಹೇಳಿದ್ದು?

ಮಸಾಲೆ ಪುಡಿಯನ್ನು ಏಪ್ರಿಲಿನಲ್ಲಿ ವರ್ಷಕ್ಕೆ ಬೇಕಾದಷ್ಟು ಮಾಡಿಡುತ್ತೇನೆ. ಮೂರು ಮನೆಯವರು ಸೇರಿ ಲಾಲ್‌ಬಾಗ್‌ನ ಮಸಾಲೆ ಗಲ್ಲಿಗೆ ಹೋಗುತ್ತೇವೆ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ ಒಟ್ಟಿಗೆ ತೆಗೆದುಕೊಂಡರೆ ದರ ಇಳಿಯುತ್ತದೆ.

ಈಗ ಕರೆಂಟು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಜನ ತಪ್ಪು ಜಾಗದಲ್ಲಿ ಉಳಿಸಲು ಹೋಗುತ್ತಾರೆ. ಒಂದು ಎಲ್‌ಇಡಿ ಬಲ್ಬ್ ಆರಿಸಲು ಮಕ್ಕಳ ಮೇಲೆ ಕೂಗಾಡುತ್ತಾರೆ. ಅದು 9 ವಾಟಿನ ಬಲ್ಬ್. ತಲೆಯ ಮೇಲೆ ತಿರುಗುವ ಹಳೆಯ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ. ಕರೆಂಟು ಕಡಿಮೆ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಅದೇ ಗಾಳಿಗೆ 30ರ ಆಸುಪಾಸು. ವ್ಯತ್ಯಾಸ 45 ವಾಟ್. ದಿನಕ್ಕೆ 14 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 19 ಯೂನಿಟ್. ಮುಂಬೈಯ ಸೆಕೆಗೆ 14 ಗಂಟೆ ಏನೂ ಜಾಸ್ತಿ ಅಲ್ಲ. ಎರಡು ಫ್ಯಾನಿಗೆ 38 ಯೂನಿಟ್.

ನಮ್ಮ ಕಡೆ ಕರೆಂಟು ಕೊಡುವ ಮಹಾವಿತರಣ ಕಂಪನಿಯ ಬಿಲ್ಲಿನ ಹಿಂಭಾಗ ಓದಿ. ಮೊದಲ 100 ಯೂನಿಟ್ ಒಂದು ದರ. 101ರಿಂದ 300ರವರೆಗಿನ ಯೂನಿಟ್‌ಗೆ ಹೆಚ್ಚುಕಮ್ಮಿ ಅದರ ಇಮ್ಮಡಿ. ಅಂದರೆ ನಿಮ್ಮ ಬಳಕೆ 100 ಯೂನಿಟ್ ಚೆನ್ನಾಗಿ ದಾಟುತ್ತಿದ್ದರೆ, ನೀವು ಉಳಿಸುವ ಆ 38 ಯೂನಿಟ್ ದುಬಾರಿ ಯೂನಿಟ್‌ಗಳೇ. ಫ್ಯಾನಿಗೆ ಹಾಕಿದ ದುಡ್ಡು ಸುಮಾರು ಒಂದೂವರೆ ವರ್ಷದಲ್ಲಿ ವಾಪಸ್ ಬರುತ್ತದೆ. ನಾನು ಮೂರು ಸಾವಿರದ ಫ್ಯಾನ್ ತಂದಾಗ ಎದುರು ಮನೆಯ ವಹಿನಿಗೆ ಆಶ್ಚರ್ಯ. "ನೀವು ಇಷ್ಟು ಖರ್ಚು ಮಾಡ್ತೀರಾ?" ಎಂದರು. ಬಿಲ್ಲು ತೋರಿಸಿದೆ. ಮುಂದಿನ ಬೇಸಿಗೆಯಲ್ಲಿ ಅವರ ಮನೆಯಲ್ಲೂ ಅದೇ ಫ್ಯಾನ್.

ನವರಾತ್ರಿಯ ಒಂಬತ್ತು ಬಣ್ಣ

ಮುಂಬೈಯಲ್ಲಿ ಕೆಲಸಕ್ಕೆ ಹೋಗುವ ಹೆಂಗಸರಿಗೆ ವರ್ಷದ ದೊಡ್ಡ ಪರೀಕ್ಷೆ ನವರಾತ್ರಿ. ಒಂಬತ್ತು ದಿನ, ಒಂಬತ್ತು ಬಣ್ಣ. ಪತ್ರಿಕೆಗಳಲ್ಲಿ ಪಟ್ಟಿ ಬರುತ್ತದೆ, ಲೋಕಲ್ ರೈಲಿನ ಲೇಡೀಸ್ ಡಬ್ಬಾ ಪೂರ್ತಿ ಒಂದೇ ಬಣ್ಣ, ಆಫೀಸಿನಲ್ಲಿ ಫೋಟೋ. ನನಗೆ ಈ ಆಚರಣೆ ತುಂಬಾ ಇಷ್ಟ. ಗುಂಪಾಗಿ ಹಳದಿ ಉಟ್ಟು ಲೋಕಲಿನಿಂದ ಇಳಿಯುವಾಗ ಬೆಳಗೇ ಬೇರೆ ಥರ ಇರುತ್ತದೆ. ಆದರೆ ಪ್ರತಿ ವರ್ಷ ಪಟ್ಟಿ ಬಂದ ಕೂಡಲೇ ಇಲ್ಲದ ಬಣ್ಣ ಹುಡುಕಿಕೊಂಡು ದಾದರಿಗೆ ಓಡುವುದು ನನಗೆ ಆಗದು. ಬೂದು ಬಣ್ಣದ ಸೀರೆ ಯಾರ ಕಪಾಟಿನಲ್ಲೂ ಇರುವುದಿಲ್ಲ. ಅದನ್ನು ಒಂದು ದಿನಕ್ಕಾಗಿ ಕೊಂಡರೆ ಉಳಿದ 364 ದಿನ ಅದು ಮಡಿಕೆಯಲ್ಲೇ.

ನಾನು ಮಾಡಿದ್ದು ಹೀಗೆ. ಗಣಪತಿ ಹಬ್ಬ ಮುಗಿದ ವಾರ ನಮ್ಮ ಲೋಕಲ್ ಗುಂಪಿನ ವಾಟ್ಸಾಪಿಗೆ ನನ್ನ ಹತ್ತಿರ ಇರುವ ಸೀರೆಗಳ ಬಣ್ಣ ಬರೆದು ಹಾಕಿದೆ. ಯಾರಿಗೆ ಯಾವುದು ಬೇಕೋ ಕೊಡುತ್ತೇನೆ, ನನಗೆ ಬೂದು ಮತ್ತು ನವಿಲು ಬಣ್ಣ ಬೇಕು ಎಂದೆ. ಮೊದಲಿಗೆ ಒಬ್ಬರು, "ಬೇರೆಯವರ ಸೀರೆ ಉಡುವಷ್ಟು ಕಷ್ಟ ಬಂತಾ?" ಎಂದು ಬರೆದರು. ಎಲ್ಲರೂ ಓದಿದರು. ನಾನು ಬರೆದದ್ದು ಇಷ್ಟೇ: "ಕಷ್ಟ ಏನಿಲ್ಲ ಅಕ್ಕ. ನಿಮ್ಮ ನವಿಲು ಬಣ್ಣದ ಸೀರೆ ಹೋದ ವರ್ಷ ನೋಡಿದ್ದೆ, ಬಹಳ ಚೆಂದ ಇತ್ತು. ಒಂದು ದಿನಕ್ಕೆ ಕೊಡ್ತೀರಾ?" ಅವರು ಕೊಟ್ಟರು. ನನ್ನ ಹಸಿರು ಇಳಕಲ್ ಅವರು ಉಟ್ಟರು.

ಇದನ್ನು ಮಾಡುವುದಾದರೆ ನಿಯಮ ಮೊದಲೇ ಹೇಳಿಬಿಡಿ. ಮದುವೆಯ ರೇಷ್ಮೆ ಸೀರೆ ಯಾರೂ ಕೊಡುವುದು ಬೇಡ, ಕೇಳುವುದೂ ಬೇಡ. ಬ್ಲೌಸ್ ಅವರವರದ್ದು, ಒಂದು ಕಪ್ಪು, ಒಂದು ಹೊಂಬಣ್ಣದ್ದು ಇದ್ದರೆ ಬಹುತೇಕ ಎಲ್ಲದಕ್ಕೂ ಹೊಂದುತ್ತದೆ. ಒಗೆದು ಇಸ್ತ್ರಿ ಮಾಡಿ ವಾರದೊಳಗೆ ವಾಪಸ್. ಕಲೆ ಬಿದ್ದರೆ ಉಟ್ಟವರೇ ಡ್ರೈಕ್ಲೀನ್ ಮಾಡಿಸಬೇಕು. ಬಾಯಿ ಬಿಟ್ಟು ಹೇಳಲು ಸಂಕೋಚ ಬೇಡ, ಹೇಳದೇ ಇದ್ದದ್ದೇ ಆಮೇಲೆ ಮನಸ್ತಾಪಕ್ಕೆ ಕಾರಣ.

ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ನಡೆಯುವ ಹಳದಿ-ಕುಂಕುಮಕ್ಕೂ ಇದೇ ಬುದ್ಧಿ. ಬಂದವರಿಗೆ ವಾಣ ಎಂದು ಏನಾದರೂ ಕೊಡಬೇಕು. ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ ಡಬ್ಬಿ, ಸ್ಟೀಲ್ ಬಟ್ಟಲು ರಾಶಿ ಬಿದ್ದಿದೆ. ನಾನು ಊರಿನ ಮನೆಯ ಕಾಳುಮೆಣಸನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ ಕೊಡುತ್ತೇನೆ. ಖರ್ಚು ಕಡಿಮೆ, ಆದರೆ ಮುಂದಿನ ವರ್ಷ ಅವರೇ ಕೇಳಿ ತೆಗೆದುಕೊಳ್ಳುತ್ತಾರೆ.

ಬೇಡ ಎನ್ನುವುದು

ಸುಳ್ಳು ನೆಪ ಹೇಳಬೇಡಿ. ತಲೆನೋವು, ಉಪವಾಸ, ಮನೆಗೆ ನೆಂಟರು, ಇವೆಲ್ಲ ಒಂದೆರಡು ಸಲ ನಡೆಯುತ್ತವೆ. ಆಮೇಲೆ ಸಿಕ್ಕಿಬೀಳುತ್ತೀರಿ, ಆಗ ನಿಜವಾಗಿಯೂ ನಾಚಿಕೆ ಪಡಬೇಕಾಗುತ್ತದೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: "ಈ ತಿಂಗಳ ಹೊರಗಿನ ಊಟದ ದುಡ್ಡು ಮುಗೀತು. ಮುಂದಿನ ತಿಂಗಳು ಬರ್ತೇನೆ." ಹೇಳಿದ ಮೇಲೆ ಮುಂದಿನ ತಿಂಗಳು ಹೋಗಬೇಕು, ಖುಷಿಯಿಂದ ತಿನ್ನಬೇಕು, ಪಾಲು ಕೊಡಬೇಕು. ಅಲ್ಲಿ ಕೂತು ಪ್ರತಿ ತಟ್ಟೆಯ ದರ ಹೇಳಬಾರದು.

ಬಿಲ್ಲು ಸಮಪಾಲು ಮಾಡುವಾಗ ನೀವು ಇಡ್ಲಿ ತಿಂದು ಉಳಿದವರು ಬಿರಿಯಾನಿ ತಿಂದಿದ್ದರೆ ಏನು ಮಾಡುವುದು? ಆರ್ಡರ್ ಕೊಡುವ ಮುಂಚೆಯೇ ಹೇಳಿ: "ನಂದು ಬೇರೆ ಬಿಲ್ ಮಾಡಿ." ಬಿಲ್ಲು ಬಂದ ಮೇಲೆ ಹೇಳಿದರೆ ಜಗಳದ ಥರ ಕೇಳುತ್ತದೆ.

ಬೇರೆಯವರ ಖರ್ಚಿಗೆ ಬಾಯಿ ಹಾಕಬೇಡಿ. ಇದು ಬಹಳ ಮುಖ್ಯ. ಪಕ್ಕದ ಟೇಬಲಿನವಳು ಕಂತಿನಲ್ಲಿ ಐಫೋನ್ ತಂದರೆ ಚೆನ್ನಾಗಿದೆ ಎನ್ನಿ. ನಿಮ್ಮ ಲೆಕ್ಕ ಅವರ ತಲೆಗೆ ತುಂಬಲು ಹೋದ ದಿನವೇ ಅವರು ನಿಮ್ಮ ಚಪ್ಪಲಿ, ನಿಮ್ಮ ಡಬ್ಬಿ, ನಿಮ್ಮ ಮಗಳ ಫ್ರಾಕ್ ಎಲ್ಲದರ ಮೇಲೂ ಮಾತಾಡುತ್ತಾರೆ.

ಮಕ್ಕಳಿಗೆ ಮಾತ್ರ ಲೆಕ್ಕ ತೋರಿಸಿ. ಮಗಳು ಏಳನೇ ಕ್ಲಾಸಿಗೆ ಬಂದಾಗಿನಿಂದ ಸಂಬಳ ಎಷ್ಟು, ಮೆಂಟೆನೆನ್ಸ್ ಎಷ್ಟು, ಅವಳ ಫೀಸು ಎಷ್ಟು ಎಂದು ಅವಳ ಕೈಯಲ್ಲೇ ಬರೆಸುತ್ತೇನೆ. ಗೆಳತಿಯರು ಏನಾದರೂ ಅಂದರೆ ಅವಳು ಮುದುಡುವುದಿಲ್ಲ. ಮನೆಯಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತು.

ಇಲ್ಲಿ ಉಳಿಸಬೇಡಿ

ಆರೋಗ್ಯ ವಿಮೆ. ಆಫೀಸಿನದ್ದು ಇದೆ ಎಂದು ಸುಮ್ಮನೆ ಕೂರಬೇಡಿ, ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಗಟ್ಟಿಯಾಗಿದ್ದಾಗಲೇ ತೆಗೆದುಕೊಳ್ಳಬೇಕು. ಹಲ್ಲು, ಕನ್ನಡಕ, ನಡೆಯುವ ಚಪ್ಪಲಿ, ಕುಕ್ಕರಿನ ಗ್ಯಾಸ್ಕೆಟ್, ಇವಕ್ಕೂ ಹಿಂದೆ ಮುಂದೆ ನೋಡಬೇಡಿ. ದಿನಾ ತೆಗೆದುಕೊಳ್ಳುವ ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ತನ್ನಿ. ಅತ್ತೆಯವರ ಮಾತ್ರೆಗಳ ಖರ್ಚು ಹಾಗೆ ಅರ್ಧಕ್ಕಿಂತ ಕೆಳಗೆ ಬಂತು. ಆದರೆ ಮಾತ್ರೆಯನ್ನೇ ದಿನ ಬಿಟ್ಟು ದಿನ ನುಂಗಿ ಉಳಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಸಾಲ ಕೇಳಲು ಬಂದಾಗ

ಜುಗ್ಗಿ ಎಂದವರೇ ಒಂದು ದಿನ ಬಾಗಿಲಿಗೆ ಬರುತ್ತಾರೆ. ನಿಮ್ಮ ಹತ್ತಿರ ದುಡ್ಡು ಇದೆ ಎಂದು ಅವರಿಗೆ ಖಾತ್ರಿ. ಆಗ ಹಳೆಯ ಮಾತು ಎತ್ತಬೇಡಿ. ಕಷ್ಟದಲ್ಲಿ ಬಂದವರಿಗೆ ಅದು ಗಾಯದ ಮೇಲೆ ಬರೆ.

ನಾನು ಇದಕ್ಕಾಗಿಯೇ ಒಂದು ಸಣ್ಣ ಮೊತ್ತ ಬೇರೆ ಇಟ್ಟಿದ್ದೇನೆ. ವಾಪಸ್ ಬರದಿದ್ದರೂ ನಮ್ಮ ಮನೆ ಅಲ್ಲಾಡಬಾರದು, ಅಷ್ಟು ಮಾತ್ರ. ಆಸ್ಪತ್ರೆ, ಫೀಸು, ಊರಿನಲ್ಲಿ ಸಾವು, ಇಂಥದ್ದಕ್ಕೆ ಅದರಿಂದ ಕೊಡುತ್ತೇನೆ, ಬಡ್ಡಿ ಇಲ್ಲದೆ. ಕೊಡುವಾಗ ಬ್ಯಾಂಕ್ ಮೂಲಕವೇ ಕೊಡಿ. ಯಾವಾಗ ವಾಪಸ್ ಎಂದು ಅವರ ಬಾಯಿಂದಲೇ ಹೇಳಿಸಿ, ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಆ ಮೊತ್ತ ಖಾಲಿಯಾಗಿದ್ದರೆ "ಈಗ ನನ್ನ ಹತ್ತಿರ ಕೊಡುವ ದುಡ್ಡು ಇಲ್ಲ" ಎನ್ನಿ. ಎಫ್‌ಡಿ ಮುರಿಯಬೇಡಿ.

ಜಾಮೀನು ಸಹಿ ಬೇರೆ ವಿಷಯ. ಪತಪೇಢಿ ಸಾಲಕ್ಕೆ "ಸುಮ್ನೆ ಒಂದು ಸಹಿ ಅಕ್ಕ, ನಿಮಗೇನೂ ತೊಂದರೆ ಇಲ್ಲ" ಎನ್ನುತ್ತಾರೆ. ಕಾನೂನಿನಲ್ಲಿ ಜಾಮೀನುದಾರರ ಹೊಣೆ ಸಾಲ ಪಡೆದವರಷ್ಟೇ ದೊಡ್ಡದು. ಅವರು ಕಟ್ಟದಿದ್ದರೆ ನೋಟಿಸು ನಿಮ್ಮ ಮನೆಗೆ, ಕಡಿತ ನಿಮ್ಮ ಸಂಬಳಕ್ಕೆ. ನಮ್ಮವರೂ ನಾನೂ ಮದುವೆಯಾದ ಹೊಸತರಲ್ಲೇ ಒಂದು ಮಾತು ಮಾಡಿಕೊಂಡಿದ್ದೇವೆ: ಯಾರಿಗೂ ಜಾಮೀನು ಇಲ್ಲ, ಎರಡೂ ಕಡೆಯ ಅಣ್ಣತಮ್ಮಂದಿರಿಗೂ ಇಲ್ಲ. ನನ್ನ ತಮ್ಮ ಕೇಳಿದಾಗಲೂ ನಾನು ಅದನ್ನೇ ಹೇಳಿದೆ: "ಸಹಿ ಹಾಕೋದಿಲ್ಲ ಮಾರಾಯ. ನನ್ನ ಕೈಲಾದಷ್ಟು ದುಡ್ಡು ತಗೊಂಡು ಹೋಗು." ಅವನು ಎರಡು ತಿಂಗಳು ಮಾತು ಬಿಟ್ಟ. ಕೊಟ್ಟ ದುಡ್ಡನ್ನು ಚೌತಿಗೆ ಬಂದಾಗ ವಾಪಸ್ ತಂದ.